ಯುದ್ಧಕ್ಕೆ ಮುಂಚಿನ ಪದಗಳು

ಟೈಯ ಗಂಟು ಮತ್ತೆ ಓರೆಯಾಗಿಯೇ ಕೂತಿತು. ಶಾರನ್ ಅದನ್ನು ಬಿಚ್ಚಿ, ಅಪ್ಪನ ಕೊರಳಿನ ಸುತ್ತ ಹೊಸದಾಗಿ ಎಳೆದು, ಅಗಲದ ತುದಿಯನ್ನು ಸಪೂರದ ತುದಿಯ ಮೇಲೆ ತಂದಳು. ಜೀವ ಇದ್ದವರ ಕೊರಳಾದರೆ ಗಂಟು ಬಿಗಿಯುವಾಗ ಗದ್ದ ತಾನಾಗಿ ಮೇಲೇಳುತ್ತದೆ. ಇಲ್ಲಿ ಲಿಯೋ ಮಾಮ ಎರಡು ಬೆರಳಿನಿಂದ ಅದನ್ನು ಎತ್ತಿ ಹಿಡಿಯಬೇಕಾಗಿತ್ತು.

“ಪಪ್ಪ ಆಫೀಸಿಗೆ ದಿನಾ ಕಟ್ತಿದ್ರಲ್ಲ ಮಾಮ. ಇಷ್ಟು ಕಷ್ಟ ಅಂತ ಕಾಣ್ತಿರ್ಲಿಲ್ಲ.”

“ಎಲ್ಲಿ ಕಟ್ತಿದ್ದದ್ದು ಮಾರಾಯ್ತಿ. ಅದು ರೆಡಿಮೇಡ್. ಶಾಲೆ ಮಕ್ಕಳಿಗೆ ಎಲಾಸ್ಟಿಕ್‌ದು ಇರ್ತದಲ್ಲ, ಹಾಗಿನದ್ದು. ನಿಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ವಾ?”

ಗೊತ್ತಿರಲಿಲ್ಲ. ಲಿಯೋ ಮಾಮನ ಬಾಯಿ ನಗುವ ಆಕಾರಕ್ಕೆ ಬಂದು ಅಲ್ಲೇ ನಿಂತಿತು. ಕೊಲ್ಲಿನಾಡಿನ ಬನಿಯಾಸ್‌ನ ಶವಾಗಾರದ ಪಕ್ಕದ ಆ ಕೋಣೆಯಲ್ಲಿ ಎ.ಸಿ.ಯ ಗುಂಯ್ ಬಿಟ್ಟರೆ ಬೇರೆ ಸದ್ದಿಲ್ಲ. ಪೆಟ್ಟಿಗೆಯೊಳಗೆ ಕಪ್ಪು ಸೂಟು ತೊಟ್ಟು, ಬೆರಳಿಗೆ ಜಪಮಾಲೆ ಸುತ್ತಿಸಿಕೊಂಡು ಮಲಗಿದ್ದ ಫಿಡೆಲಿಸ್ ಅವರ ಹುಬ್ಬು, ಬೇರೆಯವರು ಬರೆದ ಇಂಗ್ಲಿಷಿನಲ್ಲಿ ತಪ್ಪು ಹುಡುಕುವಾಗ ಇರುತ್ತಿದ್ದ ಹಾಗೆಯೇ ಸ್ವಲ್ಪ ಗಂಟಿಕ್ಕಿಕೊಂಡಿತ್ತು.

ಮಗನಿರುವ ಮನೆಯಲ್ಲಿ ಇದೆಲ್ಲ ಮಗನ ಕೆಲಸ. ಅಪ್ಪನಿಗೆ ಕೋಟು ತೊಡಿಸುವುದು, ಎಲ್ಲರೂ ಕೊನೆಯ ಮುತ್ತಿಟ್ಟಾದ ಮೇಲೆ ಬಿಳಿ ಬಟ್ಟೆಯನ್ನು ಮುಖದ ಮೇಲೆ ಎಳೆದು ಪೆಟ್ಟಿಗೆ ಮುಚ್ಚಿಸುವುದು. ಅಮ್ಮ ಎಲ್ಸಿಯ ತವರಿನಲ್ಲಂತೂ ಮಗ ಬರುವ ತನಕ ಹೆಣವನ್ನು ಮಂಜುಗಡ್ಡೆಯಲ್ಲಿಟ್ಟು ಕಾದ ಕತೆಗಳಿದ್ದವು. ಆದರೆ ಈ ಮನೆಯ ಮಗ ಪ್ರಿಯನ್ ಕಡಲಿನಲ್ಲಿದ್ದ. ಎಣ್ಣೆ ಸಾಗಿಸುವ ಹಡಗಿನಲ್ಲಿ ಥರ್ಡ್ ಎಂಜಿನಿಯರ್. ಮೊನ್ನೆ ಬೆಳಿಗ್ಗೆಯಿಂದ ಆ ಹಡಗಿನ ಸುದ್ದಿಯೇ ಇರಲಿಲ್ಲ. ಇದು ಗೊತ್ತಿದ್ದದ್ದು ಶಾರನ್‌ಗೆ, ಲಿಯೋ ಮಾಮನಿಗೆ, ಮತ್ತು ಸುದ್ದಿ ತಂದ ಬದ್ರುದ್ದೀನ್ ಅವರಿಗೆ ಮಾತ್ರ. ಎಲ್ಸಿಗೆ ಹೇಳಿದ್ದು ಬೇರೆ: ಹಡಗಿನವರು ಪ್ರಿಯನ್‌ನನ್ನು ಫುಜೈರಾ ಬಂದರಿನಲ್ಲಿ ದೋಣಿಯಿಂದ ಇಳಿಸುತ್ತಾರೆ, ಮಣ್ಣಿಗಿಡುವುದರೊಳಗೆ ಅವನು ಬಂದು ಮುಟ್ಟುತ್ತಾನೆ. ಹೇಳಿದವರು ಲಿಯೋ. ಅಕ್ಕ ನೆಲಕ್ಕೆ ಕುಸಿದು ಕೂತದ್ದನ್ನು ನೋಡಲಾಗದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದರು. ಆಡಿದ ಮಾತನ್ನು ನುಂಗುವ ದಾರಿ ಈಗ ಅವರಿಗೂ ಕಾಣುತ್ತಿರಲಿಲ್ಲ.

ಫಿಡೆಲಿಸ್ ಅವರನ್ನು ಊರಿಗೆ, ಶಿರ್ವದ ಹತ್ತಿರ ಅವರ ಅಪ್ಪ ಅಮ್ಮ ಮಲಗಿರುವ ಇಗರ್ಜಿಯ ಅಂಗಳಕ್ಕೆ ಒಯ್ಯಬೇಕೆಂದು ಎಲ್ಸಿಗೆ ಆಸೆಯಿತ್ತು. ವಿಮಾನಗಳು ಹಾರುತ್ತಿರಲಿಲ್ಲ. ಆಕಾಶ ಬಂದ್ ಎಂದರು. ಆಕಾಶಕ್ಕೆ ಬಾಗಿಲು ಹಾಕುವುದು ಹೇಗೆಂದು ಆಕೆ ಕೇಳಲಿಲ್ಲ. “ಹಾಗಾದ್ರೆ ಇಲ್ಲೇ ಇಡುವ. ಆದ್ರೆ ಪ್ರಿಯನ್ ಬರದೆ ಮುಚ್ಚುದು ಬೇಡ,” ಎಂದಷ್ಟೇ ಹೇಳಿದ್ದಳು.

ಬಾಗಿಲಿನಲ್ಲಿ ಬದ್ರುದ್ದೀನ್ ಕಾಣಿಸಿಕೊಂಡರು. ಉಳ್ಳಾಲದವರು. ಹಡಗುಗಳಿಗೆ ಬೇಕಾದ್ದನ್ನು ಒದಗಿಸುವ ಏಜೆನ್ಸಿಯೊಂದರಲ್ಲಿ ಕೂದಲು ಹಣ್ಣಾಗುವ ತನಕ ದುಡಿದವರು. ಅಪ್ಪ ಅವರನ್ನು ‘ಬ್ಯಾರಿ’ ಎನ್ನುತ್ತಿದ್ದರು, ಅವರು ಅಪ್ಪನನ್ನು ‘ಪೊರ್ಬು’ ಎನ್ನುತ್ತಿದ್ದರು. ಬೇರೆ ಯಾರಾದರೂ ಹಾಗೆ ಜಾತಿ ಹಿಡಿದು ಕರೆದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು.

“ಪೊರ್ಬುಗೆ ಟೈ ಚಂದ ಕಾಣ್ತದೆ,” ಎಂದು ಅವರು ಪೆಟ್ಟಿಗೆಯ ಅಂಚು ಮುಟ್ಟಿದರು.

ಶಾರನ್ ದನಿ ತಗ್ಗಿಸಿದಳು. “ಅಂಕಲ್, ಫೋನ್ ಮಾಡಿದ್ರಾ? ಎಂತ ಹೇಳ್ತಾರೆ?”

“ಬೆಳಿಗ್ಗೆ ಮಾತಾಡಿದೆ. ಕಂಪನಿಯವರು ಇನ್ನೂ ಇನ್ಸಿಡೆಂಟ್ ಅಂತಲೇ ಹೇಳ್ತಿದ್ದಾರೆ.”

ಇನ್ಸಿಡೆಂಟ್. ಅಪ್ಪ ಕಲಿಸಿದ ಪದಗಳ ಏಣಿಯಲ್ಲಿ ಆ ಮೆಟ್ಟಿಲು ಅಷ್ಟೇನೂ ಮೇಲಿನದ್ದಲ್ಲ. ಅವಳ ಕೈ ಟೈಯನ್ನು ಇನ್ನೊಮ್ಮೆ ಸರಿಮಾಡಿತು. ಈ ಸಲ ಗಂಟು ನೆಟ್ಟಗೆ ಕೂತಿತು.

*

ಫಿಡೆಲಿಸ್ ಅವರ ಅನ್ನ ಇದ್ದದ್ದು ಪದಗಳಲ್ಲಿ. ಹಡಗುಗಳಿಗೆ ವಿಮೆ ಮಾಡಿಸುವ ದಲ್ಲಾಳಿ ಕಚೇರಿಗೆ ಟೈಪಿಸ್ಟ್ ಆಗಿ ಸೇರಿ, ಅಲ್ಲೇ ಕ್ಲೇಮು ನೋಡುವ ಮೇಜಿಗೆ ಬಂದು, ಆ ಮೇಜಿನಿಂದಲೇ ನಿವೃತ್ತಿಯಾದವರು. ಹಡಗಿಗೆ ಏನಾಯಿತು ಎಂದು ಕಪ್ತಾನ ಬರೆಯುತ್ತಾನೆ. ಆದದ್ದಕ್ಕೆ ಹೆಸರೇನು ಎಂದು ಕಚೇರಿ ತೀರ್ಮಾನಿಸುತ್ತದೆ. ಹೆಸರು ಬದಲಾದರೆ ಎಲ್ಲವೂ ಬದಲು.

ಮುಸಫ್ಫಾದ ಮನೆಯಲ್ಲಿ ಊಟದ ಮೇಜಿನ ಹೂಹೂವಿನ ಪ್ಲಾಸ್ಟಿಕ್ ಹಾಸಿನ ಮೇಲೆ ಅವರು ಮಕ್ಕಳಿಗೂ ಅದನ್ನೇ ಕಲಿಸಿದರು. ಬೇರೆ ಅಪ್ಪಂದಿರು ಮಗ್ಗಿ ಹೇಳಿಸುತ್ತಿದ್ದಾಗ ಇವರು ಕೇಳುತ್ತಿದ್ದದ್ದು: “ಇಂಗ್ಲಿಷಿನಲ್ಲಿ ಯುದ್ಧಕ್ಕೆ ಎಷ್ಟು ಹೆಸರು ಗೊತ್ತುಂಟಾ?”

ಶಾರನ್‌ಗೆ ಆ ಪಾಠ ಕತೆಯ ಹಾಗೆ ಕೇಳುತ್ತಿತ್ತು. ಬ್ಯಾಟಲ್ ಎಂದರೆ ಯುದ್ಧದೊಳಗಿನ ಒಂದು ತುಂಡು, ಒಂದು ಜಾಗದಲ್ಲಿ ಶುರುವಾಗಿ ಅಲ್ಲೇ ಮುಗಿಯುವಂಥದ್ದು. ಕ್ಯಾಂಪೇನ್ ಎಂದರೆ ಅಂಥ ತುಂಡುಗಳನ್ನು ಯಾರೋ ಕೂತು ಯೋಚಿಸಿ ಪೋಣಿಸಿದ್ದು. ಸ್ಕರ್ಮಿಷ್ ಎಂದರೆ ದಾರಿಯಲ್ಲಿ ಎದುರಾದವರು ತಳ್ಳಾಡಿ ಹೋದದ್ದು. ಫ್ಯೂಡ್ ಎಂದರೆ ಅಜ್ಜನಿಗೂ ಆಚೆಮನೆಯ ಪಿಂಟು ಕುಟುಂಬಕ್ಕೂ ಬಾವಿಯ ದಾರಿಗಾಗಿ ಇದ್ದದ್ದು, ಅಜ್ಜ ಹೋದ ಮೇಲೂ ಮುಗಿಯದ್ದು. ಸ್ಟ್ರೈಫ್ ಮನೆಯೊಳಗಿನದ್ದು. ಹಾಸ್ಟಿಲಿಟೀಸ್ ಎಂದರೆ ಹೊಡೆತ ಬೀಳುತ್ತಿದೆ, ಆದರೆ ಹೊಡೆಯುತ್ತಿದ್ದೇನೆಂದು ಯಾರೂ ಒಪ್ಪುವುದಿಲ್ಲ.

“ಹಾಗಾದ್ರೆ ನೀವೂ ಮಮ್ಮಿಯೂ ಮಾಡುದು?” ಎಂದು ಪ್ರಿಯನ್ ಕೇಳಿದ್ದ. ಆಗ ಅವನಿಗೆ ಮೀಸೆಯ ನೆರಳೂ ಇರಲಿಲ್ಲ.

“ಅದು ಹಾಸ್ಟಿಲಿಟೀಸ್. ಇನ್ನೂ ಡಿಕ್ಲೇರ್ ಆಗ್ಲಿಲ್ಲ.”

“ಆಗ್ತದೆ, ಇವತ್ತೇ ಆಗ್ತದೆ,” ಎಂದಿದ್ದಳು ಎಲ್ಸಿ ಅಡುಗೆಮನೆಯಿಂದ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಬಿಳಿ ಯೂನಿಫಾರ್ಮಿನಲ್ಲೇ ಮೀನು ಹುರಿಯುತ್ತಿದ್ದಳು. “ಮಕ್ಕಳಿಗೆ ಮಾತೆಯ ಪ್ರಾರ್ಥನೆ ಕಲಿಸುದು ಬಿಟ್ಟು ಇದು ಎಂತ ಪಾಠ.”

ಪ್ರಾರ್ಥನೆಯ ಹೆಸರೆತ್ತಿದ್ದೇ ತಪ್ಪಾಯಿತು. ವಿಮೆಯ ಕರಾರಿನಲ್ಲಿ ಯುದ್ಧದ ಹೆಸರುಗಳು ಒಂದರ ಹಿಂದೊಂದು ಬರುತ್ತವೆ, ಸಂಜೆಯ ಜಪದ ಕೊನೆಯಲ್ಲಿ ಮರಿಯಮ್ಮನ ಬಿರುದುಗಳು ಬರುವ ಹಾಗೆಯೇ. ಪ್ರಿಯನ್ ಎದ್ದು ನಿಂತು, ಕೈಜೋಡಿಸಿ, ಪಾದ್ರಿಯ ರಾಗದಲ್ಲಿ ಶುರು ಮಾಡಿದ: “ಸಿವಿಲ್ ವಾರ್.” ಶಾರನ್ ಉತ್ತರಿಸಿದಳು: “ಆಮ್ಚೆ ಖಾತಿರ್ ವಿನತಿ ಕರ್.” “ರೆವಲ್ಯೂಷನ್.” “ಆಮ್ಚೆ ಖಾತಿರ್ ವಿನತಿ ಕರ್.” “ರೆಬೆಲಿಯನ್.” “ಇನ್ಸರೆಕ್ಷನ್.” ನಮಗಾಗಿ ಪ್ರಾರ್ಥಿಸು, ನಮಗಾಗಿ ಪ್ರಾರ್ಥಿಸು. ಎಲ್ಸಿ ಸೌಟು ಹಿಡಿದು ಬರುವಷ್ಟರಲ್ಲಿ ಫಿಡೆಲಿಸ್ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡು ಮೇಜಿಗೆ ತಲೆಯಿಟ್ಟಿದ್ದರು.

ನಗು ಇಳಿದ ಮೇಲೆ ಅವರು ಹೇಳಿದ ಮಾತು ಶಾರನ್‌ಗೆ ಇವತ್ತಿಗೂ ಹಾಗೆಯೇ ನೆನಪಿದೆ.

“ಸಮುದ್ರದವರಿಗೆ ಪದವೇ ಹವಾಮಾನ, ಮಕ್ಕಳೇ. ಟೆನ್ಶನ್ ಅಂತ ಬರೆದ್ರೆ ಹಡಗು ಹೋಗ್ತದೆ. ಹಾಸ್ಟಿಲಿಟೀಸ್ ಅಂತ ಬರೆದ್ರೆ ಸ್ವಲ್ಪ ಯೋಚನೆ ಮಾಡ್ತದೆ. ವಾರ್ ಅಂತ ಬರೆದ್ರೆ ನಿಲ್ತದೆ. ಆಗ ಹಡಗಿನ ಅತಿ ಸಣ್ಣ ಕೆಲಸದವನೂ, ನಾನು ಬರುದಿಲ್ಲ ಅಂತ ಹೇಳಬಹುದು. ಅದಕ್ಕೇ ಆ ಪದವನ್ನು ಯಾರೂ ಬೇಗ ಬರೆಯುದಿಲ್ಲ.”

*

ಶವಾಗಾರದಿಂದ ಮುಸಫ್ಫಾದ ಇಗರ್ಜಿಗೆ ಆಂಬುಲೆನ್ಸ್ ಮುಂದೆ, ಲಿಯೋ ಮಾಮನ ಕಾರು ಹಿಂದೆ. ಎಲ್ಸಿ ಮುಂದಿನ ಸೀಟಿನಲ್ಲಿ ಮಡಿಲಿನ ಮೇಲೆ ಕೈಯಿಟ್ಟು ಕೂತಿದ್ದಳು. ಹಿಂದೆ ಶಾರನ್, ಪಕ್ಕದಲ್ಲಿ ಅದೇ ಬಿಲ್ಡಿಂಗಿನ ಮಾರ್ಟಿನಾ ಆಂಟಿ. ದುಬೈಯಿಂದ ಬರುವ ದೊಡ್ಡ ರಸ್ತೆ ಈ ಹೊತ್ತಿನಲ್ಲಿ ಇರುವೆ ಸಾಲಿನಂತಿರಬೇಕಿತ್ತು. ಹಬ್ಬದ ಮಾರನೆಯ ದಿನದ ಅಂಗಳದ ಹಾಗೆ ಬಿದ್ದುಕೊಂಡಿತ್ತು. ತೈಲ ಶುದ್ಧೀಕರಣದ ಪಟ್ಟಣ ರುವೈಸ್ ಇರುವ ಪಡುವಣ ದಿಕ್ಕಿನಲ್ಲಿ ಆಕಾಶದ ಬುಡ ಮಸಿ ಒರಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಧೂಳೋ, ಮತ್ತೇನೋ.

“ನಮ್ಮ ಹೋಟೆಲಿನಲ್ಲಿ ಬೋರ್ಡು ಹಾಕಿದ್ದಾರೆ,” ಎಂದಳು ಮಾರ್ಟಿನಾ. ಆಕೆಗೆ ಮೌನ ಕಂಡರೆ ಭಯ. “ಕರೆಂಟ್ ಸಿಚುಯೇಷನ್‌ನಿಂದಾಗಿ ಸಂಜೆ ಬಫೆ ಇಲ್ಲ ಅಂತ. ಒಬ್ಬ ಗೆಸ್ಟ್ ಬಂದು ಜಗಳ, ಎಂತ ಸಿಚುಯೇಷನ್, ಲೈಟ್ ಉಂಟಲ್ಲ ಅಂತ. ನಾನೆಂತ ಹೇಳುದು?”

ಲಿಯೋ ಮಾಮನ ಕಣ್ಣು ಕಾರಿನ ಮ್ಯಾಪಿನ ಮೇಲಿತ್ತು. ಪರದೆಯ ತುಂಬ ನೀಲಿ. ರಸ್ತೆಯಿಲ್ಲ, ಕಟ್ಟಡವಿಲ್ಲ. ಕಾರನ್ನು ತೋರಿಸುವ ಸಣ್ಣ ಬಾಣ ಆ ನೀಲಿಯ ನಡುವೆ ತನ್ನಷ್ಟಕ್ಕೆ ತಿರುಗುತ್ತಿತ್ತು.

“ಇದಕ್ಕೆಂತ ಆಯ್ತು,” ಎಂದು ಅವರು ಪರದೆಯನ್ನು ಬೆರಳಿನಿಂದ ತಟ್ಟಿದರು. “ನೋಡಿ, ನಾವೀಗ ಸಮುದ್ರದ ಮಧ್ಯದಲ್ಲಿ ಇದ್ದೇವಂತೆ.”

“ಸಿಗ್ನಲ್ ಕೆಡಿಸ್ತಾರಂತೆ ಲಿಯೋ,” ಎಂದಳು ಮಾರ್ಟಿನಾ. “ಮೇಲಿಂದ ಬರುವಂಥದ್ದಕ್ಕೆ ದಾರಿ ತಪ್ಪಲಿ ಅಂತ. ನಿನ್ನೆ ನಮ್ಮ ಡ್ರೈವರಿಗೂ ಹೀಗೇ.”

ಎಲ್ಸಿ ಮುಂದಕ್ಕೆ ಬಾಗಿ ಆ ನೀಲಿಯನ್ನು ನೋಡಿದಳು.

“ಅಲ್ಲಿ ಪ್ರಿಯನ್‌ನ ಹಡಗು ಕಾಣ್ತದಾ ನೋಡು,” ಎಂದಳು.

ಲಿಯೋ ಮಾಮ ಪರದೆಯನ್ನು ಆರಿಸಿಬಿಟ್ಟರು. ಮುಂದಿನ ದಾರಿಯಿಡೀ ಆಂಬುಲೆನ್ಸಿನ ಹಿಂದಿನ ದೀಪವನ್ನೇ ನೋಡಿಕೊಂಡು ಕಾರು ಓಡಿಸಿದರು.

ಇಗರ್ಜಿಯಲ್ಲಿ ಜನ ಕಡಿಮೆ. ಬೇರೆ ದಿನಗಳಾಗಿದ್ದರೆ ಶಿರ್ವದವರು, ಬೆಳ್ಮಣ್ಣಿನವರು, ಆಫೀಸಿನವರು, ಎಲ್ಸಿಯ ವಾರ್ಡಿನವರೆಲ್ಲ ತುಂಬಿರುತ್ತಿದ್ದರು. ಈಗ ಮುಂದಿನ ಕೆಲವು ಬೆಂಚುಗಳಲ್ಲಿ ಹರಡಿ ಕೂತವರು, ಪ್ರತಿಯೊಬ್ಬರೂ ಬಾಗಿಲಿನ ಕಡೆ ಒಂದು ಕಣ್ಣಿಟ್ಟವರು. ಫಾದರ್ ಪ್ರವಚನ ಶುರು ಮಾಡಿ, ಫಿಡೆಲಿಸ್ ಅವರು ಇಗರ್ಜಿಯ ಪ್ರಕಟಣೆಗಳ ಕಾಗುಣಿತ ತಿದ್ದಿಕೊಡುತ್ತಿದ್ದುದನ್ನು ನೆನೆಯುವಷ್ಟರಲ್ಲಿ, ದಾಳಿಯ ಎಚ್ಚರಿಕೆ ಬಂದು ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು.

ಆ ಸದ್ದಿಗೆ ಈಗ ಎಲ್ಲರ ಮೈ ಪಳಗಿತ್ತು. ಕಿಟಕಿಯಿಂದ ದೂರ, ತಲೆ ಕೆಳಗೆ. ಬೆಂಚುಗಳ ನಡುವಿನ ತಣ್ಣನೆಯ ನೆಲಕ್ಕೆ ಶಾರನ್ ಮೊಣಕಾಲೂರಿದಳು. ಮಾರ್ಟಿನಾ ಅವಳ ತೋಳನ್ನು ಉಗುರು ನಾಟುವಂತೆ ಹಿಡಿದಳು. ದೂರದಲ್ಲೆಲ್ಲೋ ಯಾರೋ ದೊಡ್ಡ ಹಂಡೆಯನ್ನು ಮಗುಚಿದ ಹಾಗೆ ಒಂದು ಸದ್ದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಬಣ್ಣದ ಗಾಜುಗಳು ಚೌಕಟ್ಟಿನಲ್ಲಿ ಹಲ್ಲು ಕಡಿದವು. ಬೆಂಚಿನ ಅಡಿಯಿಂದ ಶಾರನ್‌ಗೆ ಕಂಡದ್ದು ಅಮ್ಮನ ಕಪ್ಪು ಚಪ್ಪಲಿ. ಎಲ್ಸಿ ಬಾಗಿರಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ನಿಂತೇ ಇದ್ದಳು.

ಅಪಾಯವಿಲ್ಲ ಎಂಬ ಸಂದೇಶ ಬಂದ ಮೇಲೆ ಜನ ಎದ್ದು ಮಂಡಿಯ ಧೂಳು ಕೊಡವಿಕೊಂಡರು. ಫಾದರ್ ಪ್ರವಚನವನ್ನು ಬಿಟ್ಟ ವಾಕ್ಯದ ನಡುವಿನಿಂದ ಮುಂದುವರಿಸಿ, ಬೇಗನೆ ಮುಗಿಸಿದರು. ದಫನಭೂಮಿಯಿಂದ ಫೋನು ಬಂದಿತ್ತು. ಇನ್ನೊಮ್ಮೆ ಸದ್ದಾಗುವುದರೊಳಗೆ ತಂದರೆ ಒಳ್ಳೆಯದು, ಆಮೇಲೆ ಗೇಟು ಮುಚ್ಚಬಹುದು.

ಒಬ್ಬೊಬ್ಬರಾಗಿ ಬಂದು ಫಿಡೆಲಿಸ್ ಅವರ ಹಣೆ ಮುಟ್ಟಿದರು. ಕೊನೆಗೆ ಉಳಿದದ್ದು ಮಡಚಿಟ್ಟ ಬಿಳಿ ಬಟ್ಟೆ.

“ಎಲ್ಸಿಬಾಯ್,” ಎಂದರು ಫಾದರ್ ಮೆತ್ತಗೆ. “ಮುಚ್ಚುವನಾ?”

“ಪ್ರಿಯನ್ ಬರ್ಲಿ ಫಾದರ್. ದಾರಿಯಲ್ಲಿ ಇದ್ದಾನೆ.”

ಫಾದರ್ ಲಿಯೋ ಮಾಮನನ್ನು ನೋಡಿದರು. ಲಿಯೋ ಮಾಮ ಶಾರನ್‌ಳನ್ನು ನೋಡಿದರು. ಶಾರನ್ ಪಕ್ಕದ ಬಾಗಿಲಿನಿಂದ ಹೊರಗೆ ನಡೆದಳು.

ಬದ್ರುದ್ದೀನ್ ವಾಹನ ನಿಲ್ಲಿಸುವ ಜಾಗದ ತಗಡಿನ ನೆರಳಿನಲ್ಲಿ ಒಬ್ಬರೇ ನಿಂತಿದ್ದರು. ಅವರ ಫೋನು ಆಗಷ್ಟೇ ಕಿವಿಯಿಂದ ಇಳಿದಿತ್ತು.

“ಅಂಕಲ್, ಈಗ ಎಂತ ಹೇಳ್ತಿದ್ದಾರೆ?”

“ನೀನು ಒಳಗೆ ಇರು ಮಗಾ. ನಾನು ಮತ್ತೆ ಹೇಳ್ತೇನೆ.”

“ಪದ ಹೇಳಿ ಅಂಕಲ್. ಇನ್ಸಿಡೆಂಟ್ ಅಂತಲೇ ಉಂಟಾ?”

ಬದ್ರುದ್ದೀನ್ ಅವಳ ಮುಖ ನೋಡಿ, ಪೊರ್ಬುವಿನ ಮಗಳಿಗೆ ಸುಳ್ಳು ಹೇಳಿ ದಕ್ಕುವುದಿಲ್ಲ ಎಂದುಕೊಂಡಿರಬೇಕು. “ಇಲ್ಲ. ಹಾಸ್ಟೈಲ್ ಆಕ್ಟ್ ಅಂತ ಬರೆದಿದ್ದಾರೆ. ಎಂಜಿನ್ ರೂಮಿನ ಬದಿಗೆ ಬಿದ್ದದ್ದಂತೆ. ಹಡಗು ಮುಳುಗಿ ಹೋಯ್ತು. ಒಂದು ಬೋಟು ಸಿಕ್ಕಿದೆ. ಅದ್ರಲ್ಲಿದ್ದವರು ಬದುಕಿದ್ದಾರೆ.”

“ಪ್ರಿಯನ್?”

“ಬೋಟಿನಲ್ಲಿ ಇರ್ಲಿಲ್ಲ. ಹುಡುಕ್ತಾ ಇದ್ದಾರೆ.”

*

ಹೋದ ವಾರ ಪ್ರಿಯನ್‌ನ ಕರೆ ಬಂದಾಗ ಫಿಡೆಲಿಸ್ ಗಂಜಿ ಉಣ್ಣುತ್ತಿದ್ದರು. ಬನಿಯನ್ನಿನಲ್ಲಿ ಕೂತು, ತಟ್ಟೆಯ ಅಂಚಿನಲ್ಲಿ ಒಣಸಿಗಡಿ ಚಟ್ನಿ, ಎಡಗೈಯಲ್ಲಿ ಫೋನು. ಎಲ್ಸಿ ಡ್ಯೂಟಿಗೆ ಹೋಗಿದ್ದಳು. ಶಾರನ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು, ಯಾಕೆಂದರೆ ಸ್ಪೀಕರಿನಲ್ಲಿ ಪ್ರಿಯನ್‌ನ ದನಿ ಎಂದಿನ ಹಾಗಿರಲಿಲ್ಲ.

“ಪಪ್ಪ, ಕಪ್ತಾನ ಎಲ್ಲರನ್ನೂ ಕರೆದು ಕೇಳಿದ್ರು. ಕೊಲ್ಲಿಯ ಒಳಗೆ ಹೋಗ್ಲಿಕ್ಕೆ ಇಷ್ಟ ಇಲ್ಲದವರು ಈಗಲೇ ಹೇಳಿ, ಇಳಿಸ್ತೇವೆ ಅಂತ. ಇಬ್ಬರು ಹುಡುಗರು ಇಳಿತಾರೆ. ನಾನು ಎಂತ ಮಾಡ್ಲಿ?”

“ಕಂಪನಿ ಕಾಗದ ಬಂದಿದೆಯಾ? ಓದು ನೋಡುವ.”

ಪ್ರಿಯನ್ ಓದಿದ. ಕಡಲಿನ ಗಾಳಿ ನಡುನಡುವೆ ಪದಗಳನ್ನು ಹಾರಿಸಿಕೊಂಡು ಹೋಗುತ್ತಿತ್ತು. ಫಿಡೆಲಿಸ್ ಕಣ್ಣು ಮುಚ್ಚಿ ಕೇಳಿದರು, ತಟ್ಟೆಯಲ್ಲಿನ ಬೆರಳು ಅಲ್ಲೇ ನಿಂತಿತ್ತು.

“ವಾರ್‌ಲೈಕ್ ಅಂತ ಎಲ್ಲಾದ್ರೂ ಉಂಟಾ?”

“ಇಲ್ಲ. ಹೈಟನ್ಡ್ ಟೆನ್ಶನ್ ಅಂತ ಉಂಟು.”

“ಹಾಸ್ಟಿಲಿಟೀಸ್?”

“ಇಲ್ಲ ಪಪ್ಪ.”

“ಹಾಗಾದ್ರೆ ಟೆನ್ಶನ್ ಅಷ್ಟೇ. ಟೆನ್ಶನ್ ನಾನು ಈ ಕಡಲಿನಲ್ಲಿ ಎಷ್ಟು ಸಲ ಓದಿದ್ದೇನೆ ಗೊತ್ತುಂಟಾ. ಹೋಗು ಬಾಬ. ಇಳಿದವರ ಹೆಸರನ್ನು ಕಂಪನಿ ಮರೆಯುದಿಲ್ಲ.”

“ನೀವು ಹೇಳಿದ್ರೆ ಸರಿ,” ಎಂದ ಪ್ರಿಯನ್. ಆಮೇಲೆ ಅವನ ದನಿ ಹಗುರವಾಯಿತು. “ಗಂಜಿಯಾ? ಇಲ್ಲಿಗೆ ವಾಸನೆ ಬರ್ತಾ ಉಂಟು.”

ವಾರ್ ಎಂಬ ಪದವನ್ನು ಯಾರೂ ಬೇಗ ಬರೆಯುವುದಿಲ್ಲ ಎಂದು ಹೇಳಿಕೊಟ್ಟವರೇ ಅಪ್ಪ. ಅದನ್ನು ಆಗಲೇ ಹೊರಗೆ ಹೋಗಿ ನೆನಪಿಸಬಹುದಿತ್ತೆಂದು ಶಾರನ್‌ಗೆ ಹೊಳೆದದ್ದು, ನಲ್ಲಿ ಮತ್ತೆ ತಿರುಗಿಸಿದ ಮೇಲೆ. ಹೊರಗಿನವರಿಗಾಗಿ ಒಂದು ಆಯುಷ್ಯವಿಡೀ ಅನುಮಾನದಿಂದ ಓದಿದವರು, ಸ್ವಂತ ಮಗನ ಕಾಗದವನ್ನು ನಂಬಿ ಓದಿದ್ದರು.

ಆಮೇಲಿನ ದಿನಗಳಲ್ಲಿ ಅವರು ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಪದ ಮೇಲೇರುತ್ತಿತ್ತು. ಸ್ನಾನಕ್ಕೆ ಹೋದಾಗ ಒಂದಿರುತ್ತಿತ್ತು, ಬಂದಾಗ ಇನ್ನೊಂದು. ಎಲ್ಸಿ ರೇಗುತ್ತಿದ್ದಳು: “ಆ ಹಾಳು ನ್ಯೂಸ್ ನೋಡಿ ಬಿ.ಪಿ. ಏರಿಸಿಕೊಳ್ಬೇಡಿ.” ಮೊನ್ನೆ ಬೆಳಿಗ್ಗೆ, ಎಲ್ಸಿ ಡ್ಯೂಟಿಗೆ ಹೊರಟು ಹೋದ ಮೇಲೆ, ಬದ್ರುದ್ದೀನ್ ಫೋನು ಮಾಡಿದರು. ಹಡಗು ಮಾತಿಗೆ ಸಿಗುತ್ತಿಲ್ಲ. ಇನ್ಸಿಡೆಂಟ್ ಅಂತ ಹೇಳ್ತಿದ್ದಾರೆ.

ಫಿಡೆಲಿಸ್ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು.

“ಶಾರನ್, ನಾನು ಓದಿದ್ದು ಸರಿಯೇ ಇತ್ತಲ್ವಾ? ಕಾಗದದಲ್ಲಿ ಹಾಗೇ ಇದ್ದದ್ದಲ್ವಾ?”

ಹೌದು ಎಂದರೂ ಸುಳ್ಳಲ್ಲ. ಶಾರನ್‌ಳ ಬಾಯಿಂದ ಅದು ಹೊರಡಲಿಲ್ಲ. ಅವಳು ಮಾತಿಗೆ ಯಾವಾಗಲೂ ನಿಧಾನ. ಅಪ್ಪ ಸ್ವಲ್ಪ ಹೊತ್ತು ಕಾದರು. ಆಮೇಲೆ, “ಶೇವ್ ಮಾಡಿ ಬರ್ತೇನೆ, ಬದ್ರುವಿನ ಆಫೀಸಿಗೆ ಹೋಗುವ,” ಎಂದು ಎದ್ದು ಹೋದರು. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು. ಶಾರನ್ ಬಾಗಿಲು ತಳ್ಳಿದಾಗ ಅಪ್ಪ ನೆಲದ ಮೇಲಿದ್ದರು.

*

ಶಾರನ್ ಒಳಗೆ ಬಂದಾಗ ಎಲ್ಸಿ ಬಾಗಿಲಿನ ಕಡೆಗೇ ತಿರುಗಿ ನಿಂತಿದ್ದಳು. ಮಗಳ ಹಿಂದೆ ಇನ್ಯಾರಾದರೂ ಬರುತ್ತಾರೋ ಎಂದು ಆಕೆಯ ಕಣ್ಣು ಬಾಗಿಲಿನಲ್ಲೇ ಉಳಿದಿತ್ತು. ಶಾರನ್ ನೇರವಾಗಿ ಪೆಟ್ಟಿಗೆಯ ತಲೆಯ ಬದಿಗೆ ಹೋಗಿ, ಮಡಚಿದ ಬಟ್ಟೆಯನ್ನು ಬಿಡಿಸಿದಳು.

ಎಲ್ಸಿ ಅವಳ ಮಣಿಕಟ್ಟು ಹಿಡಿದಳು. ಇಷ್ಟು ವರ್ಷ ರೋಗಿಗಳನ್ನು ಎತ್ತಿ ಮಲಗಿಸಿದ ಕೈ. ನೋವಾಗುವಷ್ಟು ಬಿಗಿ.

“ನೀನೆಂತಕ್ಕೆ? ಅವ ಬರ್ತಾನಲ್ಲ.”

ಶಾರನ್‌ಳ ನಾಲಗೆಯ ಮೇಲೆ ಬದ್ರುದ್ದೀನ್ ಹೇಳಿದ ಪದ ಇತ್ತು. ಅದರ ಕೆಳಗೆ, ಮೆಟ್ಟಿಲಿನ ಹಾಗೆ, ಬೇರೆ ಪದಗಳಿದ್ದವು. ಅವಳು ಒಂದೊಂದೇ ಇಳಿದಳು. ಎಲ್ಲಕ್ಕಿಂತ ಕೆಳಗಿನದ್ದನ್ನು ಎತ್ತಿಕೊಂಡಳು.

“ಡಿಲೇ ಆಗಿದೆ ಮಮ್ಮಿ. ದಾರಿಯಲ್ಲಿ ಬಿಡ್ತಾ ಇಲ್ಲ. ಇಲ್ಲಿಗೆ ಮುಟ್ಲಿಕ್ಕೆ ಆಗುದಿಲ್ಲ.”

“ಅಲ್ಲಿಗೆ? ಮಣ್ಣಿಗೆ ಸಿಗ್ತಾನಾ?”

“ಸಿಕ್ಕಿದ್ರೂ ಸಿಗಬಹುದು.”

ಎಲ್ಸಿ ಅವಳ ಮುಖವನ್ನು ಓದಿದಳು. ಶಾರನ್ ಕಣ್ಣು ತಪ್ಪಿಸಲಿಲ್ಲ. ಇದು ಇಷ್ಟು ಸಲೀಸೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಶಾರನ್ ಬಟ್ಟೆಯನ್ನು ಅಪ್ಪನ ಗದ್ದದ ಮೇಲೆ, ಗಂಟಿಕ್ಕಿದ ಹುಬ್ಬಿನ ಮೇಲೆ ಎಳೆದಳು. ಲಿಯೋ ಮಾಮ ಮುಚ್ಚಳವನ್ನು ತಂದರು.

*

ದಫನಭೂಮಿಯಲ್ಲಿ ಮರಗಳಿರಲಿಲ್ಲ. ತಗ್ಗು ಗೋಡೆ, ಅದರೊಳಗೆ ಸಾಲಾಗಿ ಕಾಂಕ್ರೀಟಿನ ಅಂಚುಗಳು, ಹೆಸರುಗಳು. ಕೆಲಸದವರು ಪಟ್ಟಿಗಳ ಮೇಲೆ ಪೆಟ್ಟಿಗೆಯನ್ನು ಇಳಿಸಿದರು. ಅದು ತಳ ಮುಟ್ಟಿದಾಗ ಬಂದ ಸದ್ದು ಬಹಳ ಸಣ್ಣದು. ಅವರಲ್ಲೊಬ್ಬ ಆಗಾಗ ಮೇಲೆ ನೋಡುತ್ತಿದ್ದ. ಮೇಸ್ತ್ರಿ ಗೇಟಿನ ಬಳಿಯಿಂದಲೇ “ಯಲ್ಲಾ, ಯಲ್ಲಾ” ಎನ್ನುತ್ತಿದ್ದ. ಕೂಗಿನಲ್ಲಿ ಗದರಿಕೆಯಿರಲಿಲ್ಲ, ಅವನಿಗೂ ಮನೆಗೆ ಹೋಗಬೇಕಿತ್ತು.

ಫಾದರ್ ಪವಿತ್ರ ಜಲ ಚಿಮುಕಿಸಿ ಮೊದಲ ಹಿಡಿ ಮಣ್ಣು ಹಾಕಿದರು. ಆಮೇಲೆ ಎಲ್ಸಿ. ಆಮೇಲೆ ಶಾರನ್, ಲಿಯೋ ಮಾಮ, ಮಾರ್ಟಿನಾ, ಉಳಿದವರು. ಮಣ್ಣೆಂದರೆ ಬೂದುಬಣ್ಣದ ಒಣ ಮರಳು, ಹಿಡಿದದ್ದರಲ್ಲಿ ಅರ್ಧ ದಾರಿಯಲ್ಲೇ ಗಾಳಿಗೆ ಹೋಗುತ್ತಿತ್ತು.

ಎಲ್ಲರದ್ದೂ ಮುಗಿದ ಮೇಲೆ ಎಲ್ಸಿ ಮತ್ತೆ ಬಗ್ಗಿದಳು. ಇನ್ನೊಂದು ಹಿಡಿ ತುಂಬಿಕೊಂಡು ಎದ್ದಳು. ಗುಂಡಿಯ ಕಡೆ ಕೈ ಚಾಚಲಿಲ್ಲ. ಮುಷ್ಟಿ ಮುಚ್ಚಿ ಎದೆಗೆ ಹಿಡಿದಳು.

“ಎಲ್ಸಿ, ನಿನ್ನದು ಆಯ್ತಲ್ಲ,” ಎಂದಳು ಮಾರ್ಟಿನಾ. “ಬಾ, ಬಿಸಿಲು.”

“ಇದು ಪ್ರಿಯನ್‌ದು. ಡಿಲೇ ಆಗಿದೆ ಅಲ್ವಾ. ಅವ ಬರುವಷ್ಟರಲ್ಲಿ ಇವರು ಮುಚ್ಚಿಬಿಡ್ತಾರೆ. ಅವನ ಪಾಲನ್ನು ಅವನ ಕೈಗೇ ಕೊಡ್ತೇನೆ, ಅವನೇ ಹಾಕ್ಲಿ.”

ಕೆಲಸದವರು ಸಲಿಕೆ ಎತ್ತಿಕೊಂಡರು. ಫಾದರ್ ಪುಸ್ತಕ ಮಡಚಿದರು. ಗೇಟಿನ ಕಡೆಯಿಂದ ಬದ್ರುದ್ದೀನ್ ಬರುವುದು ಶಾರನ್‌ಗೆ ಕಾಣಿಸಿತು. ಹೆಸರುಗಳನ್ನು ತುಳಿಯದಂತೆ ಸಾಲುಗಳ ನಡುವೆ ಬಳಸಿ ಬಳಸಿ, ಅಗತ್ಯಕ್ಕಿಂತ ನಿಧಾನವಾಗಿ ಬರುತ್ತಿದ್ದರು. ಫೋನು ಕೈಯಲ್ಲಿರಲಿಲ್ಲ, ಜೇಬಿಗೆ ಹಾಕಿಯಾಗಿತ್ತು. ಹತ್ತಿರ ಬಂದವರು ಅವಳನ್ನು ನೋಡಲೇ ಇಲ್ಲ. ನೇರ ಎಲ್ಸಿಯ ಮುಂದೆ ನಿಂತರು.

“ಬಾಯಮ್ಮ,” ಎಂದರು.

ಶಾರನ್ ಪದಕ್ಕಾಗಿ ಕಾದಳು. ಯಾವುದಾದರೊಂದು ಬರಲಿ, ಎಷ್ಟೇ ಮೇಲಿನದ್ದಾದರೂ ಸರಿ.

“ಹಡಗಿನ ಕಡೆಯವರು ಮಾತಾಡಿದ್ರು. ಹುಡುಕುದನ್ನು ನಿಲ್ಲಿಸಿದ್ರಂತೆ.”

ಅಷ್ಟೇ. ಆಫೀಸಿನ ಪದ ಒಂದೂ ಇರಲಿಲ್ಲ. ಬದ್ರುದ್ದೀನ್ ತಲೆಯ ಮೇಲಿನ ಟೋಪಿ ತೆಗೆದರು, ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ಹಾಕಿಕೊಂಡರು.

“ಯಾರನ್ನು ಹುಡುಕ್ತಿದ್ರು?” ಎಂದಳು ಎಲ್ಸಿ.

ಲಿಯೋ ಮಾಮ ಅಕ್ಕನ ಹತ್ತಿರ ಬರಲು ಹೊರಟವರು ಎರಡು ಗೋರಿಗಳಾಚೆಯೇ ನಿಂತುಬಿಟ್ಟರು. ಎಲ್ಸಿ ಮಗಳ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ರೋಗಿಯ ಮನೆಯವರು ಡಾಕ್ಟರನ್ನು ಬಿಟ್ಟು ನರ್ಸನ್ನು ಕೇಳುವಾಗ ಇರುವಂಥ ಮುಖ.

“ಶಾರನ್, ನಿಲ್ಲಿಸಿದ್ರು ಅಂದ್ರೆ ಸಿಕ್ಕಿದ ಅಂತಲೇ ಅಲ್ವಾ?”

ಆಕೆಯ ಮುಷ್ಟಿಯ ಕೆಳಗಿನಿಂದ ಮರಳು ಸಣ್ಣಗೆ ಇಳಿಯುತ್ತಿತ್ತು. ಊರಿನ ಕೆಂಪು ಮಣ್ಣಾಗಿದ್ದರೆ ಬೆವರಿಗೆ ಮುದ್ದೆಯಾಗಿ ಹಿಡಿಯಲ್ಲೇ ನಿಲ್ಲುತ್ತಿತ್ತು. ಎಲ್ಸಿ ಅದನ್ನು ಕಂಡಳು, ಬೆರಳು ಬಿಗಿ ಮಾಡಿದಳು, ನಿಲ್ಲಲಿಲ್ಲ. ಇನ್ನೊಂದು ಅಂಗೈಯನ್ನು ಕೆಳಗೆ ಹಿಡಿದಳು. ಅದು ತುಂಬಿ, ಅದರ ಸಂದುಗಳಿಂದಲೂ ಉದುರತೊಡಗಿದಾಗ, ಶಾರನ್ ಹತ್ತಿರ ಬಂದು ತನ್ನೆರಡೂ ಕೈಗಳನ್ನು ಜೋಡಿಸಿ ಅಮ್ಮನ ಕೈಯ ಕೆಳಗೆ ಹಿಡಿದಳು.